ಬೀಗತಿಗೆ ಬಾಕಿ ಉಳಿದ ಪದ

ಶಿರಾಳಕೊಪ್ಪದ ಸಂತೆಗೆ ಹೋಗಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿನ್ನದೆ ಬಸ್ಸು ಹತ್ತಿದರೆ ಅದು ಸಂತೆಗೆ ಹೋದ ಲೆಕ್ಕವೇ ಅಲ್ಲ ಎಂದು ನಂಬಿದವಳು ನಾನು. ಕರಿದದ್ದು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ನಿಜ. ಮನೆಯಲ್ಲಿ ಕರಿದದ್ದನ್ನು ಕುರಿತು ಹೇಳಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಹೋದ ಸಂತೆಯ ದಿನವೂ ಹಾಗೆಯೇ ಸೊಪ್ಪು, ಬದನೆಕಾಯಿಯ ಚೀಲವನ್ನು ಕಾಲಿನ ಪಕ್ಕ ಇಟ್ಟುಕೊಂಡು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಪೊಟ್ಟಣ ಬಿಚ್ಚಿದೆ. ಬಜ್ಜಿಯ ಘಮದ ಜೊತೆಗೆ ಹಸಿ ಅಚ್ಚಿನ ಮಸಿಯ ವಾಸನೆಯೂ ಬಂತು. ನೋಡಿದರೆ, ಸುತ್ತಿದ್ದು ಹಳೆಯ ಪತ್ರಿಕೆಯಲ್ಲ, ಗುಲಾಬಿ ಬಣ್ಣದ ಹೊಸ ಕರಪತ್ರ.

ತಿನ್ನುವಾಗ ಕೈಗೆ ಸಿಕ್ಕಿದ್ದನ್ನು ಓದುವುದು ನನ್ನ ಕೆಟ್ಟ ಅಭ್ಯಾಸ. ನಮ್ಮ ಶಿಕಾರಿಪುರದ ಪುಟ್ಟ ರಂಗಮಂದಿರದಲ್ಲಿ ಬರುವ ತಿಂಗಳಿಂದ ಪ್ರತಿ ಭಾನುವಾರ ಸಂಜೆ ಜನಪದ ಹಾಡುಗಳಂತೆ. ಒಂದು ವಾರ ಲಾವಣಿ, ಒಂದು ವಾರ ತತ್ವಪದ, ಒಂದು ವಾರ ಡೊಳ್ಳಿನ ಪದ. ಒಳ್ಳೆಯದೇ ಆಯಿತು ಎಂದುಕೊಂಡು ಎಣ್ಣೆ ಇಳಿದ ಜಾಗವನ್ನು ಒರೆಸಿ ಮೇಲಿನ ಸಾಲು ಓದಿದೆ. 'ಮೊದಲ ಭಾನುವಾರ, ಬೀಗರ ಪದಗಳು. ಹೆಣ್ಣಿನ ಕಡೆ: ಸೊರಬದ ಗುತ್ಯಮ್ಮ. ಗಂಡಿನ ಕಡೆ: ಶಿಕಾರಿಪುರ ಕೆಳಗಿನ ಓಣಿಯ ಹಾಲಮ್ಮ.'

ಬಜ್ಜಿ ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಬೆನ್ನು ಗುದ್ದಿ ನೀರು ಕೊಟ್ಟಳು. ಗಾಬರಿಯಾಗಬೇಡಿ, ಕಾರಣ ಹೇಳುತ್ತೇನೆ. ಗುತ್ಯಮ್ಮ ನನ್ನ ಚಿಕ್ಕಮ್ಮ. ಕೆಳಗಿನ ಓಣಿಯ ಹಾಲಮ್ಮ ನನ್ನ ಅತ್ತೆ. ನನ್ನ ಮದುವೆಯ ದಿನದಿಂದ ಇವರಿಬ್ಬರು ಒಬ್ಬರೊಡನೊಬ್ಬರು ಮಾತಾಡಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಅತ್ತೆ ಹಾಡಿದ್ದನ್ನು ನಾನು ಎಂದೂ ಕೇಳಿಲ್ಲ.

ಬಜ್ಜಿಯವನ ಹತ್ತಿರ ಹೋಗಿ, "ಈ ಹಾಳೆ ಎಲ್ಲಿ ಸಿಕ್ತಪ್ಪ?" ಎಂದೆ.

"ಪ್ರೆಸ್ಸಿನೋರು ರದ್ದಿಗೆ ಹಾಕಿದ್ರು ಕಣಕ್ಕ. ಎಲ್ಲಾ ಅಚ್ಚಾದ ಮ್ಯಾಲೆ ಯಾರೋ ಅಜ್ಜಿ ಬ್ಯಾಡ ಅಂದ್ಲಂತೆ. ಇನ್ನೊಂದು ಕಟ್ಟು ಐತೆ, ಬೇಕೇನು?"

ಬೇಡ ಎಂದೆ. ಅಚ್ಚಾದದ್ದನ್ನು ನಿಲ್ಲಿಸುವಷ್ಟು ಗಟ್ಟಿಗಿತ್ತಿಯಾದ ಅಜ್ಜಿ ನನಗೆ ಗೊತ್ತಿರುವಂತೆ ಒಬ್ಬಳೇ, ಅವಳು ನನ್ನ ಮನೆಯಲ್ಲೇ ಇದ್ದಾಳೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಹೊರಗೆ ನೋಡುತ್ತಾ ನನ್ನ ಅತ್ತೆಯ ಬಾಯಿಂದ ಹಾಡನ್ನು ಊಹಿಸಲು ಪ್ರಯತ್ನಪಟ್ಟೆ. ಆಗಲಿಲ್ಲ. ನನ್ನ ಮಕ್ಕಳು ತೊಟ್ಟಿಲಲ್ಲಿದ್ದಾಗ ಕೂಡ ಆಕೆ ಜೋಗುಳ ಹಾಡಿದವರಲ್ಲ. ತೊಟ್ಟಿಲ ಹಗ್ಗವನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡು ಅವರೆಕಾಯಿ ಸುಲಿಯುತ್ತಾ, "ಮಲಿಕ್ಕಾ, ಇಲ್ಲಂದ್ರೆ ನಿಮ್ಮಜ್ಜನ್ನ ಕರೀತೀನಿ" ಎಂದು ಗದರುತ್ತಿದ್ದರು. ಮಕ್ಕಳು ಮಲಗುತ್ತಿದ್ದವು. ಮಾವನವರು ಸಾಧು ಮನುಷ್ಯ, ಅವರ ಹೆಸರಿಗೆ ಮಕ್ಕಳೇಕೆ ಹೆದರುತ್ತಿದ್ದವೋ ನನಗೆ ಇವತ್ತಿಗೂ ತಿಳಿದಿಲ್ಲ. ಓಣಿಯಲ್ಲಿ ಮದುವೆಯಾದಾಗ ಹೆಂಗಸರೆಲ್ಲ ಸೋಬಾನೆಗೆ ಕುಳಿತರೆ ನಮ್ಮ ಅತ್ತೆ ಅಡಿಗೆಯವರ ಹತ್ತಿರ ಹೋಗಿ ಸಾರಿಗೆ ಉಪ್ಪು ಸರಿಯಾಗಿದೆಯೇ ನೋಡುತ್ತಿದ್ದರು. ಕೆಲವರಿಗೆ ದೇವರು ಕಂಠ ಕೊಡುವುದಿಲ್ಲ, ನನಗೆ ಕೊಟ್ಟಿಲ್ಲದಂತೆ ಇವರಿಗೂ ಕೊಟ್ಟಿಲ್ಲ ಎಂದುಕೊಂಡಿದ್ದೆ. ಅತ್ತೆ ಸೊಸೆಗೆ ಹೊಂದಿಕೆಯಾದ ವಿಷಯ ಇದೊಂದಾದರೂ ಇದೆಯಲ್ಲ ಎಂಬ ಸಮಾಧಾನವೂ ಇತ್ತು.

ಬೀಗರ ಪದ ಎಂದರೇನೆಂದು ಈಗಿನವರಿಗೆ ಹೇಳಬೇಕಾದೀತು. ಮದುವೆಯ ದಿನ ಗಂಡಿನ ಕಡೆಯವರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಅವರನ್ನು ಹಾಡಿನಲ್ಲೇ ಬೈಯುತ್ತಾರೆ. ಮುಖ್ಯವಾಗಿ ಬೀಗತಿಯನ್ನು, ಅಂದರೆ ಗಂಡಿನ ತಾಯಿಯನ್ನು. ಆಕೆ ಎಷ್ಟು ತಿಂದಳು, ಹೇಗೆ ನಡೆದಳು, ಏನು ಕದ್ದಳು ಎಂದು ಹೆಸರು ಹಿಡಿದೇ ಹಾಡುವುದು. ಬೈಸಿಕೊಂಡವಳು ನಗುತ್ತಾ ತಿರುಗಿ ಹಾಡಬೇಕು. ಅವಳು ಹಾಡುವುದು ಹೆಣ್ಣು ಹೆತ್ತವಳ ಹೆಸರು ಕಟ್ಟಿ. ಹೀಗೆ ಇಬ್ಬರು ತಾಯಂದಿರು ಊರೆದುರು ಬೈದಾಡಿಕೊಂಡರೆ ಸಂಬಂಧ ಗಟ್ಟಿಯಾಯಿತು ಎಂದು ಲೆಕ್ಕ. ಉತ್ತರ ಕೊಡದೆ ಎದ್ದರೆ ಮಾತ್ರ ಸಿಟ್ಟು ಬಂದಿದೆ ಎಂದೇ ಅರ್ಥ.

ನನ್ನ ಮದುವೆಯಲ್ಲಿ ನನ್ನನ್ನು ಹೆತ್ತವಳು ಇರಲಿಲ್ಲ. ಅವ್ವ ನೀಲಮ್ಮ ನಾನು ಶಾಲೆಗೆ ಹೋಗುತ್ತಿದ್ದಾಗಲೇ ಜ್ವರದಲ್ಲಿ ತೀರಿಕೊಂಡಳು. ಅವಳ ತಂಗಿ ಗುತ್ಯಮ್ಮನೇ ನನ್ನನ್ನು ಸಾಕಿ, ಜಡೆ ಹಾಕಿ, ಬೈದು, ಕೊನೆಗೆ ತಾಯಿಯ ಜಾಗದಲ್ಲಿ ನಿಂತು ಧಾರೆಯನ್ನೂ ಮಾಡಿಸಿದಳು. ಸೊರಬದ ಕಡೆಯಲ್ಲಿ ನನ್ನ ಚಿಕ್ಕಮ್ಮನ ಕಂಠಕ್ಕೆ ಸಾಟಿ ಇರಲಿಲ್ಲ. ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತದ್ದೇ ತಡ, ಸೆರಗು ಸಿಕ್ಕಿಸಿ ಶುರು ಮಾಡಿದಳು:

ಬೀಗತಿ ಬರುವಾಗ ಬುಟ್ಟೀಲಿ ಬರಿ ಗಾಳಿ
ಹೋಗುವಾಗ್ಯಾಕೆ ಬಾಗ್ಯಾಳೆ ಹಾಲಮ್ಮ
ಹೋಳಿಗೆ ಎಷ್ಟು ಸೆರಗಲ್ಲಿ?

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಎಲ್ಲರೂ ನನ್ನ ಅತ್ತೆಯ ಕಡೆಗೆ ತಿರುಗಿದರು. ಬಾಸಿಂಗದ ಮರೆಯಿಂದ ನಾನೂ ನೋಡಿದೆ. ಅತ್ತೆ ಬಾಯಿ ತೆರೆದರು, ಹಾಗೆಯೇ ಮುಚ್ಚಿದರು. ನನ್ನ ಮುಖ ಒಮ್ಮೆ ನೋಡಿದರು. ಆಮೇಲೆ ಅರ್ಧ ಉಂಡ ಎಲೆಯನ್ನು ಬಿಟ್ಟು ಎದ್ದು ಕೈ ತೊಳೆಯಲು ಹೋದರು. ನಗು ನಿಂತಿತು. ಚಿಕ್ಕಮ್ಮ ಕಂಬ ಹಿಡಿದುಕೊಂಡು ನಿಂತೇ ಇದ್ದಳು. ನಾನು ಈ ಮನೆಯಲ್ಲಿ ಹೇಗೆ ಬಾಳಬೇಕೋ ಎಂದುಕೊಂಡೆ.

ಬಾಳಿದೆ. ಅತ್ತೆ ಕೆಟ್ಟವರೇನಲ್ಲ. ಆದರೆ ಅಂದಿನಿಂದ ನಾನು ಇಬ್ಬರ ನಡುವಿನ ಅಂಚೆಯವಳಾದೆ. ನನ್ನ ಬಾಣಂತನಕ್ಕೆ ಚಿಕ್ಕಮ್ಮ ಬಂದರೆ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕುಳಿತು, "ನಿಮ್ಮ ಚಿಕ್ಕಮ್ಮಗೆ ಕಾಫಿ ಬೇಕೇನು ಕೇಳು," "ಬ್ಯಾಡ ಅಂತ ಹೇಳೇ ನಿಮ್ಮತ್ತೇರಿಗೆ" ಎನ್ನುವವರು. ಎರಡು ಮೊಳದ ದೂರಕ್ಕೆ ನಾನು ಸಂದೇಶ ಸಾಗಿಸಬೇಕು. ಕ್ರಮೇಣ ಚಿಕ್ಕಮ್ಮ ಬರುವುದನ್ನೇ ಬಿಟ್ಟಳು. ಅಂಬ್ಲಿಗೊಳ ಜಲಾಶಯದ ನೀರು ಹಾಯುವ ಒಂದಿಷ್ಟು ಗದ್ದೆ ನಮಗಿದೆ, ಸುಗ್ಗಿಯಲ್ಲಿ ಅದರ ಹೊಸ ಅಕ್ಕಿಯನ್ನು ನನ್ನ ಯಜಮಾನರ ಕೈಯಲ್ಲಿ ಸೊರಬಕ್ಕೆ ಕಳಿಸುತ್ತಿದ್ದವರು ಅತ್ತೆಯೇ. ಅದನ್ನು ಮಾತ್ರ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿದ್ದರೋ ಇಲ್ಲವೋ.

ಬಸ್ಸು ಶಿಕಾರಿಪುರ ಮುಟ್ಟಿತು. ಮನೆಗೆ ಹೋಗಲಿಲ್ಲ. ಚೀಲ ಹೊತ್ತುಕೊಂಡೇ ರಂಗಮಂದಿರಕ್ಕೆ ನಡೆದೆ. ಅದು ಮೊದಲು ಅಕ್ಕಿ ಗಿರಣಿಯ ಗೋದಾಮು. ನಾಟಕದ ಹುಚ್ಚಿನ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ಅದಕ್ಕೊಂದು ವೇದಿಕೆ ಕಟ್ಟಿಸಿ, ಕುರ್ಚಿ ಹಾಕಿಸಿದ್ದಾರೆ. ಈಗಲೂ ಒಳಗೆ ಕಾಲಿಟ್ಟರೆ ತೌಡಿನ ವಾಸನೆ ಬರುತ್ತದೆ. ಬಾಗಿಲ ಹತ್ತಿರ ಹೋಗುವಾಗಲೇ ಒಳಗಿನಿಂದ ಇಬ್ಬರು ಹೆಂಗಸರು ಹೊಟ್ಟೆ ಹಿಡಿದು ನಗುವುದು ಕೇಳಿಸಿತು. ಒಂದು ನಗು ಚಿಕ್ಕಮ್ಮನದು. ಇನ್ನೊಂದು ಯಾರದೆಂದು ಗೊತ್ತಾಗಲಿಲ್ಲ.

ಅದು ನನ್ನ ಅತ್ತೆಯದು. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಚಿಕ್ಕಮ್ಮನ ತೊಡೆಯ ಮೇಲೆ ಕೈಯಿಟ್ಟು, ಕಣ್ಣೀರು ಬರುವಂತೆ ನಗುತ್ತಿದ್ದರು. ಇಬ್ಬರ ನಡುವೆ ಒಂದೇ ಎಲೆಯಡಿಕೆ ಚೀಲ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಬರುತ್ತೇನೆಂದು ಎಷ್ಟೋ ಮಧ್ಯಾಹ್ನಗಳಿಂದ ಕುಂಟುತ್ತಾ ಮನೆ ಬಿಡುತ್ತಿದ್ದ ನನ್ನ ಅತ್ತೆ! ಆ ಮೊಣಕಾಲುಗಳು ಆರಾಮವಾಗಿ ತೂಗಾಡುತ್ತಿದ್ದವು. ನನ್ನ ಚೀಲದಿಂದ ಬದನೆಕಾಯಿ ಉರುಳಿದ ಸದ್ದಿಗೆ ಮೂವರೂ ತಿರುಗಿದರು. ಮೂರನೆಯವರು ಮೇಷ್ಟ್ರು.

"ಬಂದ್ಲು ನೋಡಿ," ಎಂದಳು ಚಿಕ್ಕಮ್ಮ.

"ಚಿಕ್ಕಮ್ಮಾ, ನಮ್ಮನೆ ಮುಂದಿನ ರಸ್ತೆಯಲ್ಲೇ ಬಸ್ಸಲ್ಲಿ ಬಂದು ಹೋಗ್ತಿದೀಯ. ಒಂದು ದಿನ ಇಳೀಬೇಕು ಅನ್ನಿಸ್ಲಿಲ್ವಾ ನಿಂಗೆ?" ಎಂದೆ. ಸಿಟ್ಟೋ ದುಃಖವೋ ನನಗೇ ಗೊತ್ತಾಗಲಿಲ್ಲ.

"ಎಂತ ಮಾಡದೇ ಮಾರಾಯ್ತಿ, ನಿಮ್ಮತ್ತೇರು ಆಣೆ ಹಾಕಿದ್ರು. ನಿನ್ನ ಕೇಳದಾಗೋ ತನಕ ಹೇಳಂಗಿಲ್ಲ ಅಂತ."

"ನನ್ನ ಏನು ಕೇಳೋದು?"

ಅತ್ತೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ಇವರು ಹಿಂದೆ ಹಾಡಿದ್ದನ್ನ ಕೇಳಿದ್ದೆ, ಅದಕ್ಕೇ ಕರೆದೆನಮ್ಮ. ಕರಪತ್ರವೂ ಅಚ್ಚಾಗಿತ್ತು. ನಮ್ಮ ಸೊಸೀನ್ನ ಕೇಳದೆ ಹಂಚಬ್ಯಾಡ್ರಿ ಅಂತ ಇವರೇ ನಿಲ್ಲಿಸಿದ್ರು. ಎಷ್ಟು ಹೇಳಿದ್ರೂ ಕೇಳಲಿಲ್ಲ."

"ಕುಂತ್ಕಾ ಇಲ್ಲಿ," ಎಂದರು ಅತ್ತೆ. ಕುಳಿತೆ. ಆಕೆ ನನ್ನ ಕಡೆ ನೋಡದೆ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

"ನಿನ್ನ ಮದುವಿ ದಿನ ಇವಳು ನನ್ನ ಹೋಳಿಗೆ ಕಳ್ಳಿ ಅಂತ ಹಾಡಿದ್ಲಲ್ಲ, ನಂಗೇನು ಸಿಟ್ಟು ಬಂದಿದ್ದಿಲ್ಲ. ಪದ ನಾಲಿಗಿ ತುದೀಗೆ ಬಂದಿತ್ತು. ಹೆಣ್ಣು ಹಡೆದಾಕಿ ಹೆಸರು ಹಾಕಿ ಹಾಡ್ಬೇಕಲ್ಲ? ನಿಮ್ಮವ್ವನ ಹೆಸರು ಹಾಕಿದ್ರೆ, ಸತ್ತಾಕೀನ್ನ ಚಪ್ಪರದಾಗೆ ಬೈದಂಗಾಗತೈತೆ. ಇವಳ ಹೆಸರು ಹಾಕಿದ್ರೆ, ಈ ಹುಡುಗಿಗೆ ತಾಯಿ ಇಲ್ಲ ಅಂತ ಊರಿಗೇ ಸಾರಿದಂಗಾಗತೈತೆ. ನೀನು ಬಾಸಿಂಗದಾಗಿಂದ ಪಿಳಿಪಿಳಿ ನೋಡಾಕತ್ತಿದ್ದಿ. ಏನು ಹಾಡ್ಲಿ ನಾನು? ಎದ್ದು ಕೈ ತೊಳಕಂಡೆ."

ಗೋದಾಮಿನ ತಗಡಿನ ಮೇಲೆ ಪಾರಿವಾಳ ಓಡಾಡುವುದು ಕೇಳಿಸುತ್ತಿತ್ತು. "ಒಂದು ಮಾತು ಹೇಳಬಹುದಿತ್ತಲ್ಲ, ಅತ್ತೇರೆ?" ಎಂದೆ.

"ಹೇಳಿದ್ರೆ ನಿಂಗೆ ತಾಯಿಲ್ಲ ಅಂತ ನಾನೇ ಎತ್ತಿ ಆಡಿದಂಗೇ ಆಗ್ತಿತ್ತಲ್ಲ. ಅದಕ್ಕೇ ಬಿಟ್ಟೆ. ಬಿಟ್ಟ ಮ್ಯಾಲೆ ಬ್ಯಾರೆ ಹಾಡೂ ಬಾಯಿಗೆ ಬರಲಿಲ್ಲ."

"ನಾನು ಸಿಟ್ಟಂತ ತಿಳ್ಕಂಡಿದ್ದೆ ಕಣೇ," ಎಂದು ಚಿಕ್ಕಮ್ಮ ಮೂಗು ಒರೆಸಿಕೊಂಡಳು. "ಮೇಷ್ಟ್ರು ಇವರ ಎದುರಿಗೆ ತಂದು ಕೂರಿಸಿದ ದಿನವೇ ನಂಗೂ ಗೊತ್ತಾಗಿದ್ದು. ಅವತ್ತು ಹಾಡೂ ಇಲ್ಲ ಎಂತದೂ ಇಲ್ಲ, ಅತ್ತು ಎದ್ದು ಹೋದೆ."

ಎಷ್ಟು ವರ್ಷ ನಾನು ಅದೇ ಮನೆಯಲ್ಲಿ ಉಂಡಿದ್ದೇನೆ, ಅದೇ ಹೆಂಗಸಿನ ಜೊತೆ ಮುಂಜಾನೆಯಿಂದ ಸಂಜೆಯವರೆಗೆ ಇದ್ದಿದ್ದೇನೆ! ಸಿಡುಕಿನ ಹೆಂಗಸು ಎಂಬ ಹೆಸರನ್ನು ಆಕೆ ಎರಡು ತಾಲ್ಲೂಕಿನಲ್ಲಿ ಹೊತ್ತುಕೊಂಡು ತಿರುಗಿದ್ದು ನನಗೋಸ್ಕರ. ಎದ್ದು ಅಪ್ಪಿಕೊಳ್ಳಬೇಕು ಎನ್ನಿಸಿತು. ನಮ್ಮ ಮನೆಯಲ್ಲಿ ಅಂಥ ರೂಢಿ ಇಲ್ಲವಾದ್ದರಿಂದ ಉರುಳಿದ ಬದನೆಕಾಯಿಗಳನ್ನು ಆರಿಸಿದೆ.

"ಈಗ ಹೇಳು," ಎಂದರು ಅತ್ತೆ. "ಬೀಗರ ಪದ ಅಂದ್ರೆ ಹಡೆದಾಕಿ ಹೆಸರು ಬೇಕೇ ಬೇಕು. ನಿಮ್ಮವ್ವನ ಹೆಸರು ಹಾಕಿ ಹಾಡ್ಲೇನು? ಬ್ಯಾಡ ಅಂದ್ರೆ ನಾನು ಮನಿಗೆ ಬರ್ತೀನಿ. ಮೇಷ್ಟ್ರು ಅವತ್ತು ಡೊಳ್ಳಿನೋರನ್ನ ಕರೆಸ್ಕಂತಾರೆ."

"ಮೊದಲು ಕೇಳಿಸ್ರಿ," ಎಂದೆ.

ಅತ್ತೆ ಎಲೆಯಡಿಕೆ ಉಗಿದು ಬಂದರು. ಚಿಕ್ಕಮ್ಮನ ಎದುರಿಗೆ ಅಲ್ಲ, ಅವಳ ಪಕ್ಕದ ಖಾಲಿ ಜಾಗದ ಎದುರಿಗೆ ನಿಂತರು. ಎಡಗೈ ಸೊಂಟದ ಮೇಲಿಟ್ಟು ಹಾಡಿದರು:

ಕೊಟ್ಟ ಹೋಳಿಗ್ಯಾಗೆ ಹೂರಣವು ಎಲ್ಲೈತೆ
ಕೊಟ್ಟ ಮಗಳಾಗೆ ಬುದ್ಧ್ಯೆಲ್ಲಿ ನೀಲಮ್ಮ
ಎರಡೂನು ನೀನೇ ತಿಂದೇನೆ?

ಆ ದನಿಯನ್ನು ಏನೆಂದು ಹೇಳಲಿ. ವಯಸ್ಸಾಗಿ ಅಂಚು ಸವೆದಿತ್ತು, ಆದರೂ ಗೋದಾಮಿನ ಮೂಲೆಗೆ ಹೋಗಿ ತಿರುಗಿ ಬಂತು. ಮೊದಲು ನನಗೆ ನಗು ಬಂತು. ನನ್ನ ಬುದ್ಧಿಯ ವಿಷಯದಲ್ಲಿ ಅತ್ತೆಯ ಅಭಿಪ್ರಾಯ ನನಗೆ ಹೊಸದಲ್ಲ. ಆಮೇಲೆ ಕೇಳಿದ್ದೇನೆಂದು ತಲೆಗೆ ಹೋಯಿತು. ತಿಂದೇನೆ, ಎಂದರು. ಎದುರಿಗೆ ಕೂತವಳನ್ನು ಕೇಳುವ ಹಾಗೆ.

ಅವ್ವ ಸತ್ತ ಮೇಲೆ ಅವಳನ್ನು ಯಾರೂ ಬೈದಿರಲಿಲ್ಲ. ಪಾಪ ಎಂದಿದ್ದರು, ಪುಣ್ಯವಂತೆ ಎಂದಿದ್ದರು, ಮುತ್ತೈದೆಯಾಗಿ ಹೋದಳು ಎಂದಿದ್ದರು. ಬರುಬರುತ್ತಾ ನನಗೆ ನೋವಾದೀತೆಂದು ಹೆಸರನ್ನೇ ಎತ್ತುತ್ತಿರಲಿಲ್ಲ. ಗಂಡನ ಮನೆಯ ಹಿರಿಯರ ಹಬ್ಬದಲ್ಲಿ ಹೆಂಡತಿಯ ತಾಯಿಗೆ ಎಡೆ ಇಡುವ ಪದ್ಧತಿಯೂ ಇಲ್ಲ. ಈಗ ಒಬ್ಬ ಬೀಗತಿ ಅವಳನ್ನು ಹೋಳಿಗೆಯ ಹೂರಣ ನುಂಗಿದವಳೇ ಎಂದು ಗದರುತ್ತಿದ್ದಾಳೆ. ನಾನು ಮೇಷ್ಟ್ರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಅವರು ಹೆದರಿ, "ಬೇಡ ಅಂದ್ರೆ ಬೇಡಮ್ಮ" ಎಂದರು.

"ಇನ್ನೊಂದು ಸಲ ಹಾಡ್ರಿ, ಅತ್ತೇರೆ," ಎಂದೆ.

ಅಂದು ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. "ಕಾಫಿಗೆ ಸಕ್ಕರಿ ಹಾಕ್ಲೇನು?" ಎಂದು ಅತ್ತೆ ನೇರವಾಗಿ ಅವಳನ್ನೇ ಕೇಳಿದಾಗ ನನ್ನ ಯಜಮಾನರು ಪತ್ರಿಕೆ ಕೆಳಗಿಟ್ಟು ನನ್ನ ಮುಖ ನೋಡಿದರು.

ಹೊಸ ಕರಪತ್ರ ಬಂದಿದೆ. ಈ ಸಲ ಹಳದಿ. ಅಡಿಗೆಮನೆಯ ಗೂಡಿನಲ್ಲಿ ಆ ಎಣ್ಣೆ ಹಿಡಿದ ಗುಲಾಬಿ ಹಾಳೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಹೆಣ್ಣಿನ ಕಡೆಯಲ್ಲಿ ಚಿಕ್ಕಮ್ಮನ ಹೆಸರಿನ ಕೆಳಗೆ 'ನೀಲಮ್ಮನ ಮಗಳು' ಎಂದಿದೆ. ಇದು ಚಿಕ್ಕಮ್ಮನ ಕಿತಾಪತಿ. ತಾಯಿಗೆ ಬೈದದ್ದಕ್ಕೆ ಉತ್ತರ ಮಗಳೇ ಕೊಡಬೇಕಂತೆ, ಸುಮ್ಮನಿದ್ದರೆ ಸಿಟ್ಟು ಬಂದಿದೆ ಎಂದಾಗುತ್ತದಂತೆ. ನನ್ನ ಕಂಠ ಕೇಳಿದರೆ ಗೋದಾಮಿನ ಪಾರಿವಾಳಗಳೂ ಊರು ಬಿಟ್ಟಾವು. ಆದರೂ ನಾಲ್ಕು ದಿನದಿಂದ ಪದ ಕಟ್ಟುತ್ತಿದ್ದೇನೆ. ಮೊದಲ ಸಾಲಿನಾಚೆ ಹೋಗುತ್ತಿಲ್ಲ.

ಇವತ್ತು ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಅತ್ತೆ ಎದುರಿಗೆ ಕಾಲು ಚಾಚಿ, ಮೊಣಕಾಲಿಗೆ ನಿಜವಾಗಿಯೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಅತ್ತೇರೆ, ನಮ್ಮವ್ವ ನಿಮ್ಮನ್ನ ಸುಮ್ನೆ ಬಿಡಂಗಿಲ್ಲ ನೋಡ್ರಿ," ಎಂದೆ.

ಅವರು ತಲೆ ಎತ್ತಲಿಲ್ಲ. "ಬಿಡಬ್ಯಾಡ ಅನ್ನು ಆಕೀಗೆ. ಅದಕ್ಕೇ ಅಲ್ಲೇನು ನಾನು ಇಷ್ಟು ವರ್ಷ ಕಾದಿದ್ದು?"

ನನಗೆ ಎರಡನೆಯ ಸಾಲು ಹೊಳೆದದ್ದು ಆಗ.