ಯಾರ್ಕ್‌ಷೈರ್ ಪುಡಿಂಗಿಗೆ ನನ್ನ ತಿದ್ದುಪಡಿ

ಜನ್ಮದಲ್ಲಿ ಮೊಟ್ಟೆ ಮುಟ್ಟಿದವನಲ್ಲ ನಾನು. ಆದರೂ ಯಲ್ಲಾಪುರದ ಸಾಹೇಬರ ಬಂಗಲೆಯಲ್ಲಿ ಮೊಟ್ಟೆಯದೊಂದು ತಿಂಡಿಯನ್ನು ಕೆಡಿಸಿದ ಕೀರ್ತಿ ನನ್ನದೇ. ಕೆಡಿಸುವುದಕ್ಕೆ ಮುಟ್ಟಲೇಬೇಕೆಂದಿಲ್ಲ, ಇಂಗ್ಲಿಷ್ ಬಂದರೆ ಸಾಕು.

ಆಗ ನಾನು ಜಂಗಲ್ ಖಾತೆಯಲ್ಲಿ ಕಾರಕೂನ. ವರ್ಗವಾಗಿದ್ದ ನಮ್ಮ ಸಾಹೇಬರು ಹೊರಡುವ ಮುಂಚೆ ತಮ್ಮ ಮೇಲಿನ ಸಾಹೇಬರನ್ನು ಭಾನುವಾರದ ಊಟಕ್ಕೆ ಕರೆದಿದ್ದರು. ಸುಟ್ಟ ಮಾಂಸದ ಜೊತೆಗೆ ಯಾರ್ಕ್‌ಷೈರ್ ಪುಡಿಂಗ್ ಆಗಲೇಬೇಕೆಂದು ಅಪ್ಪಣೆ. ಹೆಸರಿಗೆ ಪುಡಿಂಗ್, ಸಿಹಿಯ ಸುಳಿವಿಲ್ಲ. ಮೈದಾ, ಹಾಲು, ಮೊಟ್ಟೆ ಕಲಸಿದ ಹಿಟ್ಟು ಕಾದ ಕೊಬ್ಬಿಗೆ ಬಿದ್ದು ಬುಸ್ಸೆಂದು ಉಬ್ಬಬೇಕಂತೆ. ಒಳಗೆ ಬರೀ ಗಾಳಿ. ಇಂಥವರನ್ನು ದೊಡ್ಡ ಹುದ್ದೆಗೆ ಏರಿಸುವುದನ್ನು ಕಂಡಿದ್ದೆ, ತಟ್ಟೆಗೂ ಏರಿಸುತ್ತಾರೆಂದು ಆಗಲೇ ತಿಳಿದದ್ದು.

ಬಂಗಲೆಯ ಅಡುಗೆಯವರು ಶಿರಸಿಯ ಹುಸೇನಸಾಬರು. ಪಲಾವು ಮಾಡಿದರೆ ಎತ್ತಿದ ಕೈ, ಆದರೆ ಈ ಪುಡಿಂಗನ್ನು ಕಂಡವರೂ ಅಲ್ಲ. ಮುಂದಿನ ಸಾಹೇಬರ ಬಳಿ ಕೆಲಸ ಉಳಿಯಬೇಕಾದರೆ ಈ ಸಾಹೇಬರ ಕೈಬರಹದ ಶಿಫಾರಸು ಚೀಟಿ ಬೇಕು. ಆ ಚೀಟಿ ಭಾನುವಾರದ ಊಟದ ಮೇಲೆ ನಿಂತಿತ್ತು. ದೊರೆಸಾನಿ ವಿಲಾಯತಿಗೆ ಹೋಗುವಾಗ ಬಿಟ್ಟುಹೋದ ಅಡುಗೆ ಪುಸ್ತಕ ಹಿಡಿದು ಹುಸೇನಸಾಬರು ನನ್ನಲ್ಲಿಗೆ ಬಂದರು. "ಓದಿ ಹೇಳ್ರಿ ಭಟ್ರೆ, ನಂಗೆ ಅಕ್ಷರ ಬರೂದಿಲ್ಲ."

ಓದಿದೆ. 'ಮಾಂಸದಿಂದ ಇಳಿದ ಕೊಬ್ಬು' ಎಂಬಲ್ಲಿ ನಾಲಗೆ ಹೊರಳಲಿಲ್ಲ. "ತುಪ್ಪ" ಎಂದುಬಿಟ್ಟೆ. ಹಿಟ್ಟನ್ನು ಅರ್ಧ ತಾಸು ಇಡಬೇಕೆಂದು ಬರೆದಿತ್ತು. ಅರ್ಧ ತಾಸಿಗೆ ಯಾವ ಹಿಟ್ಟು ಹದಕ್ಕೆ ಬರುತ್ತದೆ? ನಮ್ಮಮ್ಮ ದೋಸೆಗೆ ಹಿಂದಿನ ಸಂಜೆಯೇ ಅರೆದಿಡುತ್ತಿದ್ದಳು. ಪುಸ್ತಕ ಬರೆದವಳಿಗೆ ದೋಸೆ ಗೊತ್ತಿಲ್ಲ, ಪಾಪ, ಎಂದು ಕನಿಕರಪಟ್ಟು "ರಾತ್ರಿಯಿಡೀ ಇಡಬೇಕು" ಎಂದು ತಿದ್ದಿದೆ.

ಬೇಸಿಗೆಯ ಸೆಕೆ ಬೇರೆ. ಭಾನುವಾರ ಹಿಟ್ಟಿನ ಮುಚ್ಚಳ ತೆಗೆದ ಹುಸೇನಸಾಬರು ಮೂಗು ಮುಚ್ಚಿಕೊಂಡು ನನ್ನನ್ನು ಕರೆಸಿದರು. "ಹುಳಿ ಬಂದರೇ ರುಚಿ" ಎಂದು ಧೈರ್ಯ ಹೇಳಿದೆ. ಕೆಳಗೂ ಮೇಲೂ ಕೆಂಡವಿಟ್ಟ ತಗಡಿನ ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಹುಳಿ ಚಪ್ಪಡಿ. ದೊಡ್ಡ ಸಾಹೇಬರು ಒಂದು ತುತ್ತು ಬಾಯಿಗಿಟ್ಟು ಕರವಸ್ತ್ರ ಹುಡುಕಿದರಂತೆ.

ಮರುದಿನ ಹುಸೇನಸಾಬರು ಚೀಟಿ ತಂದರು. "ಚಲೋ ಬರದಾರೇನ್ರಿ?"

'ಇವನಿಗೆ ಹಿಟ್ಟು ಕಲಸಲೂ ಬರುವುದಿಲ್ಲ' ಎಂದಿತ್ತು. "ಚಲೋ ಬರೆದಿದ್ದಾರೆ" ಎಂದೆ. ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು.

ಮನೆಯಲ್ಲಿ ಹೇಳಿದರೆ ಹೆಂಡತಿ ಬಡಿಸುವುದನ್ನೇ ನಿಲ್ಲಿಸಿದಳು. "ನಿಂಗಳ ಮಡಿಗಾಗಿ ಅವನ ಅನ್ನಕ್ಕೆ ಮಣ್ಣು ಹಾಕಿದ್ರಿ ಅಲ್ದ? ಮೊದ್ಲು ಹೋಗಿ ಹೇಳಿ ಬನ್ನಿ!"

ಹೋದೆ. ಮೊದಲು ಹುಸೇನಸಾಬರಿಗೆ, ಆಮೇಲೆ ಅವರನ್ನು ಕರೆದುಕೊಂಡು ಹೋಗಿ ಸಾಹೇಬರಿಗೆ, ತುಪ್ಪವನ್ನೂ ಹುಳಿಯನ್ನೂ ಒಪ್ಪಿಕೊಂಡೆ. ಸಾಹೇಬರು ಮೇಜು ಬಡಿದು ನಕ್ಕು, ಹಳೆಯ ಚೀಟಿ ಹರಿದು ಹೊಸದು ಬರೆದುಕೊಟ್ಟರು. ಜಗಲಿಗೆ ಬಂದ ಮೇಲೆ ಹುಸೇನಸಾಬರು ಅದನ್ನು ನನ್ನ ಕೈಗಿಟ್ಟರು.

'ಅಡುಗೆಯವನು ಒಳ್ಳೆಯವನು, ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ. ನನ್ನ ಕಾರಕೂನ ಓದಿ ಹೇಳಿದ್ದನ್ನು ಮಾತ್ರ ಯಾರೂ ನಂಬಬಾರದು.'

ಎರಡನೆಯ ಮಾತನ್ನು ನುಂಗಿದರೆ ಕೇಳುವವರಿರಲಿಲ್ಲ. ಗಂಟಲು ಸರಿಮಾಡಿಕೊಂಡು ಪೂರ್ತಿ ಓದಿದೆ, ಒಂದಕ್ಷರ ಬಿಡದೆ.

ಹುಸೇನಸಾಬರು ಚೀಟಿಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, "ಸಿಟ್ಟಾಗಬ್ಯಾಡ್ರಿ ಭಟ್ರೆ, ಪೋಸ್ಟ್ ಮಾಸ್ತರ ಹತ್ರ ಒಂದ್ಸಲ ಓದಿಸ್ಕೊಂಡು ಬರ್ತೆ" ಎಂದು ಹೊರಟರು.