ಆರನೆಯ ಗುಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಹಾಗೇ ಕೂತಿದೆ. ಪಿಚ್ಚಿನ ಒಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತ ಬಡಕಲು ಮನುಷ್ಯರೊಬ್ಬರು ಮೂರು ಸ್ಟಂಪು ನೆಟ್ಟು, ಅವುಗಳ ನಡುವೆ ಚೆಂಡು ತೂರಿಸಿ ನೋಡುತ್ತಾರೆ. ತೂರುವುದಿಲ್ಲ. ಸಮಾಧಾನದಿಂದ ಏಳುತ್ತಾರೆ. ಕೊರಳಲ್ಲಿ ಹೊಲಿಗೆಯ ಟೇಪು ನೇತಾಡುತ್ತಿದೆ. ಅದು ತೆಗೆದಿಡಲು ಮರೆತದ್ದಲ್ಲ, ಕ್ರೀಸಿನ ಗೆರೆ ಅಳೆಯಲು ತಂದದ್ದು. ಮೈಮೇಲೆ ತಾವೇ ಹೊಲಿದುಕೊಂಡ ಬಿಳಿ ಕೋಟು. ಅದರ ಎಡ ಜೇಬಿಗೆ ಕೈ ಹಾಕಿ ತಳ ಮುಟ್ಟಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆದು ಮತ್ತೆ ಮುಟ್ಟುತ್ತಾರೆ.

"ಒಂದು ವಾರದಿಂದ ಇದೇ ಆಗಿಬಿಟ್ಟಿದೆ," ಎಂದು ನಗಲು ನೋಡುತ್ತಾರೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತಲ್ಲ, ಹಾಗೆ."

ಮೈದಾನದಲ್ಲಿ ಎಲ್ಲರಿಗೂ ಇವರು ಗುಂಡಿ ಮಾಸ್ಟರ್. ವಾರವೆಲ್ಲ ಟೈಲರ್, ಶನಿವಾರ ಭಾನುವಾರ ಕ್ಲಬ್ಬಿನ ಅಂಪೈರ್. ಓವರಿನ ಚೆಂಡುಗಳನ್ನು ಎಣಿಸಲು ಬೇರೆಯವರು ಅಂಗೈಯಲ್ಲಿ ಒತ್ತುವ ಪುಟ್ಟ ಯಂತ್ರ ಇಟ್ಟುಕೊಂಡರೆ, ಇವರದು ಕೋಟಿನ ಗುಂಡಿಗಳ ಲೆಕ್ಕ. ಓವರ್ ಶುರುವಾಗುವಾಗ ಎಡ ಜೇಬಿನಲ್ಲಿ ಆರು ಗುಂಡಿ. ಒಂದು ಚೆಂಡು ಬಿದ್ದರೆ ಒಂದು ಗುಂಡಿ ಬಲ ಜೇಬಿಗೆ. ವೈಡ್ ಆದರೆ ಗುಂಡಿ ಕದಲುವುದಿಲ್ಲ. ಎಡ ಜೇಬು ಖಾಲಿಯಾಯಿತೋ, ಓವರ್ ಮುಗಿಯಿತು. ಇಪ್ಪತ್ತು ವರ್ಷದಿಂದ ಈ ಲೆಕ್ಕ ತಪ್ಪಿಲ್ಲ ಎಂದು ಕ್ಲಬ್ಬಿನಲ್ಲಿ ಎಲ್ಲರೂ ಹೇಳುತ್ತಾರೆ. ಹೋದ ಭಾನುವಾರದವರೆಗೆ ಅದು ನಿಜವೂ ಆಗಿತ್ತು.

ನಾಳೆ ಫೈನಲ್. ಇಷ್ಟು ವರ್ಷ ಫೈನಲ್ಲಿಗೆ ಹೊರಗಿನಿಂದ ಅಂಪೈರುಗಳನ್ನು ಕರೆಸುತ್ತಿದ್ದರು. ಮಾಸ್ಟರಿಗೆ ಲೀಗ್ ಪಂದ್ಯ, ಬಿಸಿಲು, ಬೈಗುಳ ಇಷ್ಟೇ ಪಾಲು. ಈ ಸಲ ಮೊದಲ ಬಾರಿಗೆ ಅವರನ್ನೇ ನಿಲ್ಲಿಸುತ್ತೇವೆಂದು ಕಾರ್ಯದರ್ಶಿ ಹೇಳಿದ್ದಾರೆ. ಆದರೆ ಇಲ್ಲೊಂದು ಪದ್ಧತಿಯಿದೆ. ಟಾಸಿಗೆ ಮುಂಚೆ ಇಬ್ಬರು ಕ್ಯಾಪ್ಟನ್ನರನ್ನೂ ಕರೆದು "ಅಂಪೈರುಗಳು ಒಪ್ಪಿಗೆಯೇ?" ಎಂದು ಕೇಳುತ್ತಾರೆ. ಬಾಯಿಮಾತಿನ ಶಾಸ್ತ್ರ, ಈವರೆಗೆ ಯಾರೂ ಬೇಡ ಎಂದಿಲ್ಲ. ಯಾರಾದರೂ ಎಂದರೆ ಆ ಅಂಪೈರು ಕೋಟು ಬಿಚ್ಚಬೇಕು. ಆ ವರ್ಷ ಮತ್ತೆ ಹಾಕುವಂತಿಲ್ಲ. ಇವತ್ತು, ಫೈನಲ್ಲಿಗೆ ಮುಂಚಿನ ಪಂದ್ಯದಲ್ಲೇ, ಒಬ್ಬ ಕ್ಯಾಪ್ಟನ್ ಹಾಗೆನ್ನಬಹುದು. ಹಾಗೆನ್ನಲು ಅವನಿಗೆ ಕಾರಣ ಕೊಟ್ಟವರು ಮಾಸ್ಟರೇ.

ಅವರು ಅಂಪೈರ್ ಆದದ್ದೇ ಒಂದು ತಮಾಷೆ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗಿರಾಕಿ ಬಂದರೆ ಬಾಗಿಲಲ್ಲೇ ನಿಂತು ಅಳತೆ ಕೊಡಬೇಕಾದಷ್ಟು ಅಗಲದ ಅಂಗಡಿ. ಕ್ಲಬ್ಬಿಗೆಂದು ಹೊಲಿದ ಅಂಪೈರ್ ಕೋಟನ್ನು ಕೊಡಲು ಒಂದು ಬೆಳಿಗ್ಗೆ ಮೈದಾನಕ್ಕೆ ಬಂದರೆ, ಅಂಪೈರೇ ಬಂದಿರಲಿಲ್ಲ. "ಹೊಲಿದೋರು ನೀವೇ, ಹೇಗೆ ಕೂರುತ್ತೆ ನೋಡಿ," ಎಂದು ಯಾರೋ ಕೋಟು ತೊಡಿಸಿದರು. ಕೂತಿತು. ಅಂದಿನಿಂದ ಮಾಸ್ಟರ್ ನಿಂತೇ ಇದ್ದಾರೆ. ವಾರವೆಲ್ಲ ಕೂತು ಮಡಿಚಿದ ಮಂಡಿ, ಎರಡು ದಿನ ನಿಂತು ಊದಿಕೊಳ್ಳುತ್ತದೆ. ಸಿಗುವುದು ಮಧ್ಯಾಹ್ನದ ಊಟ, ಎರಡು ಲೋಟ ಚಹಾ.

"ಗಿರಾಕಿಗಳೇ ಆಡೋಕೆ ಬರ್ತಾರೆ ನೋಡಿ, ಅದೇ ಕಷ್ಟ. ಭಾನುವಾರ ಔಟ್ ಕೊಟ್ರೆ ಸೋಮವಾರ ಬಂದು ಅರ್ಧ ಹೊಲಿದ ಪ್ಯಾಂಟ್ ವಾಪಸ್ ಇಸ್ಕೊಂಡು ಹೋಗ್ತಾರೆ. ಒಂದು ಕಾಲು ಹೊಲಿದಾಗಿರುತ್ತೆ, ಇನ್ನೊಂದು ಬಾಕಿ!"

ಹೋದ ಭಾನುವಾರ ಗ್ಯಾರೇಜಿನ ತಂಡಕ್ಕೂ ಕಾಲೇಜಿನ ತಂಡಕ್ಕೂ ಪಂದ್ಯ. ಗೆದ್ದವರು ನೇರ ಫೈನಲ್ಲಿಗೆ; ಸೋತವರಿಗೆ ಈ ಶನಿವಾರ ಮಾರ್ಕೆಟ್ ತಂಡದ ಎದುರು ಇನ್ನೊಂದು ಅವಕಾಶ. ಕೊನೆಯ ಓವರಿಗೆ ಮುಂಚಿನ ಓವರು ಮಾಸ್ಟರ ತುದಿಯಿಂದ. ಒಂದು ವೈಡು, ಒಂದು ರನೌಟಿನ ಕೂಗಾಟ, ಮೈದಾನದೊಳಗೆ ನುಗ್ಗಿದ ಒಂದು ನಾಯಿ. ಆ ಗದ್ದಲದಲ್ಲೂ ಬೆರಳು ತನ್ನ ಪಾಡಿಗೆ ಗುಂಡಿ ದಾಟಿಸುತ್ತಿತ್ತು. ಎಡ ಜೇಬು ಖಾಲಿಯಾಯಿತು, ಮಾಸ್ಟರ್ "ಓವರ್" ಎಂದರು. ಕೊನೆಯ ಓವರನ್ನು ಎದುರು ತುದಿಯ ಅಂಪೈರು ನೋಡಿಕೊಂಡರು. ಬೆನ್ನು ಹತ್ತಿ ಆಡುತ್ತಿದ್ದ ಗ್ಯಾರೇಜ್ ತಂಡ ಎರಡೇ ರನ್ನಿನಿಂದ ಸೋತಿತು.

ಸಂಜೆ ಮನೆಗೆ ಬಂದು ಬಲ ಜೇಬು ಬರಿದು ಮಾಡಿದರೆ ಐದೇ ಗುಂಡಿ. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕೆಂದು ಸುಮ್ಮನಾದರು. ಕೋಟು ನೆನೆಹಾಕಲು ಹೋದ ಹೆಂಡತಿಯ ಕೈಗೆ ಅಂಚಿನಲ್ಲಿ ಏನೋ ಗಟ್ಟಿಯಾಗಿ ತಾಗಿತು. ಎಡ ಜೇಬಿನ ತಳದ ಹೊಲಿಗೆ ಬಿಟ್ಟು, ಆರನೆಯ ಗುಂಡಿ ಲೈನಿಂಗಿನೊಳಗೆ ಜಾರಿ ಕೂತಿತ್ತು.

"ದೀಪದ ಬುಡ ಕತ್ತಲೆ ಅಂತ ನಗಾಡ್ದೆ," ಎನ್ನುತ್ತಾರೆ ಆಕೆ. "ಊರೋರ ಜೇಬೆಲ್ಲ ಹೊಲೀತೀರಿ, ನಿಮ್ದೇ ತೂತಲ್ರೀ ಅಂದೆ. ನೋಡಿದ್ರೆ ಇವ್ರ ಮುಖದಲ್ಲಿ ರಕ್ತ ಇಲ್ಲ. ತಟ್ಟೆ ಮುಂದೆ ಕೂತು ಹಾಗೇ ಎದ್ದುಹೋದ್ರು."

ಯಾಕೆಂದರೆ ಮಾಸ್ಟರಿಗೆ ಆಗಲೇ ಗೊತ್ತಾಗಿತ್ತು. ಜೇಬಿನಲ್ಲಿ ಐದೇ ಗುಂಡಿ ಇದ್ದವೆಂದರೆ ಆ ಓವರಿನಲ್ಲಿ ಐದೇ ಚೆಂಡು ಬಿದ್ದಿವೆ. ಗೆಲ್ಲಬಹುದಾಗಿದ್ದವರಿಗೆ ಒಂದು ಚೆಂಡು ಸಿಗಲೇ ಇಲ್ಲ. ಮರುದಿನ ಸ್ಕೋರ್ ಬರೆಯುವವರ ಮನೆಗೆ ಹೋಗಿ ಕೇಳಿದರು. ಆತ ತಲೆ ಕೆರೆದುಕೊಂಡು ಹೇಳಿದ್ದು ಇದು: "ನನ್ನ ಲೆಕ್ಕಕ್ಕೂ ಐದೇ ಬಂದಿತ್ತು ಮಾಸ್ಟ್ರೇ. ನೀವು ತಪ್ಪೋ ಮನುಷ್ಯ ಅಲ್ಲ, ನಾನೇ ಒಂದು ಬಿಟ್ಟಿರ್ಬೇಕು ಅಂತ ರನ್ನಿಲ್ಲದ ಚೆಂಡಿನ ಚುಕ್ಕೆ ಒಂದು ಸೇರಿಸಿಬಿಟ್ಟೆ." ಇಪ್ಪತ್ತು ವರ್ಷ ಗಳಿಸಿದ ನಂಬಿಕೆಯೇ ತಪ್ಪನ್ನು ಮುಚ್ಚಿಹಾಕಿತ್ತು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎನ್ನುತ್ತಾರೆ ಮಾಸ್ಟರ್.

ವಿಷಯ ತಿಳಿಸಲು ಹೋದರೆ ಕಾರ್ಯದರ್ಶಿ ಕೈ ಮುಗಿದರು. "ಅಂಪೈರ್ ಓವರ್ ಅಂದ್ಮೇಲೆ ಮುಗೀತು, ಫಲಿತಾಂಶ ಬದಲಾಗಲ್ಲ. ಯಾರಿಗೂ ಗೊತ್ತಿಲ್ಲ ತಾನೇ? ಫೈನಲ್ ಮುಗಿಯೋವರೆಗೆ ತುಟಿ ಬಿಚ್ಚಬೇಡಿ ಮಾರಾಯ್ರೇ." ಮಾಸ್ಟರ್ ಮೂರು ದಿನ ತುಟಿ ಬಿಚ್ಚಲಿಲ್ಲ. ಆ ಮೂರು ದಿನದಲ್ಲಿ ಎರಡು ಅಂಗಿಗೆ ಕಾಲರ್ ತಿರುವುಮುರುವು ಹೊಲಿದರು. ನಿನ್ನೆ ಯಂತ್ರಕ್ಕೆ ಮುಸುಕು ಹಾಕಿ ಗ್ಯಾರೇಜಿಗೆ ನಡೆದರು.

ಗ್ಯಾರೇಜಿನ ಮೆಕ್ಯಾನಿಕ್ಕೇ ತಂಡದ ಕ್ಯಾಪ್ಟನ್. ಆತ ವ್ಯಾನಿನ ಅಡಿಯಲ್ಲಿ ಮಲಗಿದ್ದ, ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮುಖ ನೋಡಿ ಹೇಳಲು ಧೈರ್ಯ ಬರುವುದಿಲ್ಲವೆಂದು ಮಾಸ್ಟರ್ ಆ ಕಾಲುಗಳಿಗೇ ಎಲ್ಲವನ್ನೂ ಹೇಳಿ ಮುಗಿಸಿದರು. ಸ್ಪಾನರಿನ ಸದ್ದು ನಿಂತಿತು. ಆತ ಜಾರಿಕೊಂಡು ಹೊರಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ.

"ಆ ಬಾಲ್ ಆಡೋಕೆ ಯಾರಿದ್ರು? ನಾನೇ ಅಲ್ವಾ?"

"ನೀನೇ ಕಣಪ್ಪ."

ಆತ ಮತ್ತೆ ವ್ಯಾನಿನ ಅಡಿಗೆ ಹೋದ. ಸ್ಪಾನರಿನ ಸದ್ದು ಮತ್ತೆ ಶುರುವಾಯಿತು. ಅವನು ಒಪ್ಪಿಗೆ ಎನ್ನುತ್ತಾನೋ ಬೇಡ ಎನ್ನುತ್ತಾನೋ ತಿಳಿಯದೆಯೇ ಮಾಸ್ಟರ್ ಈ ಬೆಳಿಗ್ಗೆ ಮೈದಾನಕ್ಕೆ ಬಂದಿರುವುದು.

ಬಿಸಿಲೇರುತ್ತದೆ. ತಂಡಗಳು ಬರುತ್ತವೆ, ಬ್ಯಾಗುಗಳು ಬೀಳುತ್ತವೆ, ಮೂಲೆಯ ಗೂಡಂಗಡಿಯವನು ಚಹಾಕ್ಕಿಡುತ್ತಾನೆ. ಪಿಚ್ಚಿನ ನಡುವೆ ಕಾರ್ಯದರ್ಶಿ, ಇಬ್ಬರು ಕ್ಯಾಪ್ಟನ್ನರು, ಇಬ್ಬರು ಅಂಪೈರುಗಳು. "ಅಂಪೈರುಗಳು ಒಪ್ಪಿಗೆಯೇ?" ಮಾರ್ಕೆಟ್ ತಂಡದವನು ತಲೆಯಾಡಿಸುತ್ತಾನೆ. ಗ್ಯಾರೇಜಿನ ಕ್ಯಾಪ್ಟನ್ ಪ್ಯಾಂಟಿನ ಜೇಬಿಗೆ ಕೈ ಹಾಕಿ ಹುಡುಕುತ್ತಾನೆ. ಮಾಸ್ಟರ ಬೆರಳು ಆಗಲೇ ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಲು ತೊಡಗಿದೆ.

ಕ್ಯಾಪ್ಟನ್ ಹೊರತೆಗೆದದ್ದು ಆರು ಕಬ್ಬಿಣದ ನಟ್ಟು. ಎಣ್ಣೆ ಒರೆಸಿ ಹೊಳೆಯುವಂತೆ ಉಜ್ಜಿದ್ದಾನೆ. ಅವನ್ನು ಮಾಸ್ಟರ ಅಂಗೈಗೆ ಸುರಿಯುತ್ತಾನೆ.

"ಗುಂಡಿ ಹಗುರ ಮಾಸ್ಟ್ರೇ, ಬಿದ್ರೆ ತಿಳಿಯಲ್ಲ. ಇದು ಬಿದ್ರೆ ಕಾಲಿಗೇ ಬೀಳುತ್ತೆ." ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಒಪ್ಪಿಗೆ."

ಎಲ್ಲರೂ ನಕ್ಕರು, ಮಾಸ್ಟರಿಗೆ ನಗು ಬರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಹಗುರವಾಗಿರುತ್ತಿತ್ತು. ಈಗ ಒಂದು ಋಣ ಜೇಬಿನಲ್ಲಿ ಜೋತುಬಿದ್ದಿದೆ, ಹೆಜ್ಜೆ ಇಟ್ಟಾಗಲೆಲ್ಲ ಕಣಕಣ ಎನ್ನುತ್ತಿದೆ.

ಗ್ಯಾರೇಜ್ ತಂಡ ಮೊದಲು ಆಡಿ ಸಾಧಾರಣ ಮೊತ್ತ ಗಳಿಸುತ್ತದೆ. ಮಾರ್ಕೆಟ್ ತಂಡ ಬೆನ್ನು ಹತ್ತುತ್ತದೆ, ಎಡವುತ್ತದೆ, ಮತ್ತೆ ಹತ್ತುತ್ತದೆ. ಮಧ್ಯಾಹ್ನ ದಾಟುವ ಹೊತ್ತಿಗೆ ಬೇಲಿಯ ಸುತ್ತ ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇವತ್ತು ಕೊನೆಯ ಓವರೇ ಮಾಸ್ಟರ ತುದಿಗೆ ಬಂದಿದೆ. ಎಸೆಯುವವನು ಗ್ಯಾರೇಜಿನ ಕ್ಯಾಪ್ಟನ್. ಗೆಲ್ಲಲು ಎಂಟು ರನ್ ಬೇಕು. ಎರಡು, ಒಂದು, ಸೊನ್ನೆ, ಎರಡು, ಒಂದು.

ಗುರುತಿನ ಕಡೆಗೆ ವಾಪಸ್ ನಡೆಯುತ್ತಿದ್ದ ಕ್ಯಾಪ್ಟನ್ ಮಾಸ್ಟರ ಪಕ್ಕದಲ್ಲಿ ನಿಲ್ಲುತ್ತಾನೆ. "ಎಷ್ಟಾಯ್ತು ಮಾಸ್ಟ್ರೇ?"

"ಐದು. ಇನ್ನೊಂದಿದೆ."

"ಗ್ಯಾರಂಟಿ?"

ಮಾಸ್ಟರ್ ಎಡ ಜೇಬಿನ ಮೇಲೆ ತಟ್ಟುತ್ತಾರೆ. ಒಂಟಿ ನಟ್ಟು ಸದ್ದು ಮಾಡುವುದಿಲ್ಲ, ಆದರೆ ತೂಗುತ್ತದೆ.

ಒಂದು ಚೆಂಡು, ಎರಡು ರನ್. ಕ್ಯಾಪ್ಟನ್ ಓಡಿ ಬಂದು ಎಸೆಯುತ್ತಾನೆ. ಬ್ಯಾಟ್ಸ್‌ಮನ್ ಬೀಸುತ್ತಾನೆ, ಚೆಂಡು ಬ್ಯಾಟಿಗೆ ಸಿಗದೆ ಪ್ಯಾಡಿಗೆ ಬಡಿದು ಹಿಂದಕ್ಕೆ ಉರುಳುತ್ತದೆ. ಇಡೀ ಗ್ಯಾರೇಜು ಕೈಯೆತ್ತಿ ಅರಚುತ್ತದೆ. ಎಲ್‌ಬಿಡಬ್ಲ್ಯು ಕೊಟ್ಟರೆ ಅವರು ಫೈನಲ್ಲಿನಲ್ಲಿ. ಒಂದು ಬೆರಳು ಮೇಲೆದ್ದರೆ ಹೋದ ವಾರದ ಚೆಂಡಿಗೆ ಈ ವಾರದ ಚೆಂಡು ಸರಿಹೋಗುತ್ತದೆ, ಊರಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಆದರೆ ಚೆಂಡು ನೆಲಕ್ಕೆ ತಾಗಿದ್ದು ಲೆಗ್ ಸ್ಟಂಪಿನಿಂದ ಆಚೆ, ನಿಯಮದಂತೆ ಅದು ಔಟಲ್ಲ. ಮಾಸ್ಟರ ಕಣ್ಣು ಅದನ್ನು ಕಂಡಾಗಿದೆ, ಕಂಡದ್ದನ್ನು ಕಾಣಲಿಲ್ಲ ಎನ್ನುವುದು ಹೇಗೆ? ಅವರು ತಲೆ ಅಲ್ಲಾಡಿಸುತ್ತಾರೆ.

"ನಾಟೌಟ್."

ಗ್ಯಾರೇಜಿನವರು ಇನ್ನೂ ಕೈಯೆತ್ತಿ ಗೋಗರೆಯುತ್ತಲೇ ಇದ್ದಾರೆ. ಅಷ್ಟರಲ್ಲಿ ಬ್ಯಾಟ್ಸ್‌ಮನ್ನರಿಬ್ಬರೂ ಒಂದು ರನ್ ಓಡಿ, ಎರಡನೆಯದಕ್ಕೂ ತಿರುಗಿಬಿಟ್ಟಿದ್ದಾರೆ. ಚೆಂಡಿನ ಹಿಂದೆ ಹೋಗಬೇಕೆಂದು ಹನ್ನೊಂದು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಮಾರ್ಕೆಟ್ ತಂಡ ಗೆದ್ದು ಕುಣಿಯುತ್ತಿತ್ತು. ಮಾಸ್ಟರ್ ಕೊನೆಯ ನಟ್ಟನ್ನು ಬಲ ಜೇಬಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಬೇಲ್ಸ್ ಎತ್ತಿಕೊಂಡರು.

ಮೈದಾನ ಖಾಲಿಯಾದ ಮೇಲೂ ಅವರು ಸ್ಟಂಪುಗಳಿಗೆ ಅಂಟಿದ ಮಣ್ಣು ಒರೆಸುತ್ತಾ ಕೂತಿದ್ದಾರೆ. ಗ್ಯಾರೇಜಿನ ಕ್ಯಾಪ್ಟನ್ ಬ್ಯಾಗು ಹೆಗಲಿಗೇರಿಸಿಕೊಂಡು ಬಂದು ನಿಲ್ಲುತ್ತಾನೆ.

"ಬೇಜಾರಾಯ್ತೇನಪ್ಪಾ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ಹೊಟ್ಟೆ ಉರೀತಿದೆ. ಓಡೋ ಕೆಲಸ ಬಿಟ್ಟು ಕೂಗ್ತಾ ನಿಂತ್ವಲ್ಲ, ಕತ್ತೆಗಳು!" ಪಕ್ಕದಲ್ಲಿದ್ದ ಒಂದು ಸ್ಟಂಪನ್ನು ಎತ್ತಿಕೊಟ್ಟು ಹೇಳುತ್ತಾನೆ. "ಆದ್ರೆ ನೀವು ಬೆರಳೆತ್ತಿದ್ರೆ ಹಳೇ ಬಾಕಿ ತೀರಿಸಿದ್ರು ಅಂತ ನಾನೇ ಅಂದ್ಕೊಳ್ತಿದ್ದೆ. ಆಮೇಲೆ ನಿಮ್ಮನ್ನ ನಂಬೋದು ಹೇಗೆ?"

ಮಾಸ್ಟರ್ ಸ್ಟಂಪನ್ನು ಕೆಳಗಿಡುತ್ತಾರೆ. ಹೆಂಡತಿ ಎರಡೆರಡು ಸಲ ಹೊಲಿದ ಜೇಬಿನ ತಳಕ್ಕೆ ಕೈ ಹಾಕಿ, ಫೈನಲ್ಲಿನ ಬಗ್ಗೆ ತಮಗಿರುವ ಒಂದೇ ಆಸೆ ಹೇಳುತ್ತಾರೆ. "ನಾಳೆ ಸಂಜೆ ಕಪ್ ಎತ್ತೋ ಹೊತ್ತಿಗೆ ಅಂಪೈರ್ ಯಾರಿದ್ರು ಅನ್ನೋದೇ ಜನಕ್ಕೆ ಮರ್ತುಹೋಗಿರ್ಬೇಕು. ಅಷ್ಟಾದ್ರೆ ಸಾಕು ನನಗೆ." ಹೇಳುತ್ತಲೇ ನಟ್ಟುಗಳನ್ನು ತೆಗೆದು ಕ್ಯಾಪ್ಟನ್ ಕಡೆ ಚಾಚುತ್ತಾರೆ.

ಆತ ಕೈ ಒಡ್ಡುವುದಿಲ್ಲ. ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಗೇಟಿನ ಕಡೆ ಹೊರಡುತ್ತಾನೆ.

"ನಾಳೆ ನೋಡೋಕೆ ಬರ್ತೀನಲ್ಲ, ಮ್ಯಾಚ್ ಮುಗಿದ್ಮೇಲೆ ಇಸ್ಕೊಳ್ತೀನಿ. ಎಣಿಸ್ಕೊಂಡೇ ಇಸ್ಕೊಳ್ಳೋದು ಮಾಸ್ಟ್ರೇ. ಆರೂ ಇರ್ಬೇಕು."