ಟೈಪಮ್ಮನ ಬೆರಳು ತಡೆದ ಜಾಗ

ಮೂವತ್ತೊಂದು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಟೈಪ್ ಮಾಡಿ ನಿವೃತ್ತರಾದ ಅವರನ್ನು ಎಲ್ಲರೂ ಟೈಪಮ್ಮ ಎಂದೇ ಕರೆಯುತ್ತಿದ್ದರು. ಯಾರೇ ಆಮಂತ್ರಣ ಪತ್ರ ಕೈಗಿಟ್ಟರೂ ಮೊದಲು ತಪ್ಪು ಹುಡುಕಿ, ಆಮೇಲೆ ಶುಭ ಹಾರೈಸುವ ಜಾಯಮಾನ. ಮದುವೆಗೆ ಮುಂಚೆ ಗಂಡ ಬರೆದ ಮೊದಲ ಪ್ರೇಮಪತ್ರವೂ ಕೆಂಪು ಗೆರೆ ಹಾಕಿಸಿಕೊಂಡೇ ವಾಪಸು ಹೋಗಿತ್ತಂತೆ.

ತಂಗಿಯ ಮಗಳು ಸಿನಿಮಾಗಳ ಶುರುವಿನಲ್ಲಿ ಹೆಸರುಗಳು ಬರುವ ಟೈಟಲ್ ದೃಶ್ಯ ಮಾಡುವವಳು. ಒಂದು ಬೆಳಗ್ಗೆ ಬಂದು, "ದೊಡ್ಡಮ್ಮ, ಒಂದು ಕೊಲೆ ಸಿನಿಮಾ, ನಲವತ್ತು ವರ್ಷ ಹಿಂದಿನ ಕಥೆ. ನಿನ್ನ ಕೈ ಬೇಕು," ಎಂದಳು.

"ಕೊಲೆಗಾ?"

"ಟೈಪಿಗೆ. ಕಥೆ ಶುರುವಾಗೋಕೆ ಮುಂಚೆನೇ ನೋಡೋರು ಆ ಕಾಲಕ್ಕೆ ಹೋಗಿಬಿಡಬೇಕು, ಒಳಗೊಳಗೇ ಪುಕಪುಕ ಅನ್ನಬೇಕು. ಮುಖ ತೋರಿಸಲ್ಲ. ಸವೆದ ರಿಬ್ಬನ್ನು, ಕಾರ್ಬನ್ ಕಾಗದ, ಆರಿಹೋದ ಚಹಾ, ಎರಡು ಕೈ, ಅಷ್ಟೇ. ಈಗಿನವರು ಕೀಲಿ ಒತ್ತಿದರೆ ಫೋನ್ ಸವರಿದ ಹಾಗಿರುತ್ತೆ."

ಟೈಪಮ್ಮ ಒಪ್ಪಿದರು. ಕಿಟಕಿಗೆ ಅರ್ಧ ಪರದೆ ಎಳೆದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಹಳೆಯ ಯಂತ್ರ ಕಟಕಟ ಎಂದಿತು. ನಟರ ಹೆಸರುಗಳೆಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಕೊಲೆಗಾರನ ಬೆದರಿಕೆ ಪತ್ರದ ಒಂದೇ ಸಾಲು: 'ಬಯ ಬೇಡ, ಬರುತ್ತಿದ್ದೇನೆ.' ಕಥೆಯಲ್ಲಿ ಅವನು ಸಿಕ್ಕಿಬೀಳುವುದೇ ಆ ತಪ್ಪಿನಿಂದ. ಆದರೆ ನಾಲ್ಕು ಸಲ ಟೈಪ್ ಮಾಡಿದಾಗಲೂ ಕಾಗದದ ಮೇಲೆ ಮೂಡಿದ್ದು 'ಭಯ'ವೇ.

"ದೊಡ್ಡಮ್ಮ, ತಪ್ಪಾಗೇ ಹೊಡಿ ಅಂದಿದ್ದೆನಲ್ಲ."

"ನನ್ನ ಕೈಗೆ ಹೇಳು. ಅದು ನನ್ನ ಮಾತು ಕೇಳಲ್ಲ."

ಜೊತೆಗೆ ಬಂದಿದ್ದ ಗಂಡ ಮೂಲೆಯಿಂದ, "ಪ್ರಾಣ ತೆಗೆಯೋನು ಮಹಾಪ್ರಾಣ ಉಳಿಸ್ತಾನಾ? ಹೊಡೆದುಬಿಡು," ಎಂದರು.

ಐದನೆಯ ಸಲ ಟೈಪಮ್ಮನ ಬೆರಳು ಕೀಲಿಯ ಮೇಲೆ ಬಂದು ನಿಂತಿತು. ಹಿಂದೆ ಸರಿಯಿತು. ಕೊನೆಗೆ, ಕಹಿ ಔಷಧ ನುಂಗುವವರಂತೆ ಕಣ್ಣು ಮುಚ್ಚಿ 'ಬ' ಒತ್ತಿದರು.

"ಇದೇ," ಎಂದಳು ಹುಡುಗಿ ಮೆಲ್ಲಗೆ. "ಸಾಕು, ಇನ್ನೊಂದು ಸಲ ಬೇಡ."

ಚಿತ್ರಮಂದಿರದಲ್ಲಿ ಆ ಬೆರಳು ಪರದೆಯ ತುಂಬ ಬಂದು ತಡೆದಾಗ ಸಂಗೀತವೂ ನಿಂತಿತು. ಪಕ್ಕದ ಕುರ್ಚಿಯ ಹೆಂಗಸು ಜೊತೆಯವಳ ಕಿವಿಯಲ್ಲಿ, "ನೋಡೇ, ಎಂಥ ಕಲ್ಲೆದೆ. ಇದು ಯೋಚನೆ ಮಾಡಿ ಮಾಡಿ ಕೊಲ್ಲೋ ಕೈ," ಎಂದಳು.

ಟೈಪಮ್ಮ ಎರಡೂ ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡರು.

"ಕಾಗುಣಿತದ ಸಂಕಟ ಅಂತ ಹೇಳಿಬಿಡಲಾ?" ಎಂದು ಪಿಸುಗುಟ್ಟಿದರು ಗಂಡ.

"ಸುಮ್ಮನಿರಿ."

ಆಮೇಲೆ ಬಲಗೈಯನ್ನು ಮೆಲ್ಲಗೆ ಹೊರತೆಗೆದು, ಬೆರಳುಗಳನ್ನು ಅಗಲಿಸಿ, ಆ ಹೆಂಗಸಿಗೆ ಚೆನ್ನಾಗಿ ಕಾಣುವಂತೆ ಕುರ್ಚಿಯ ತೋಳಿನ ಮೇಲಿಟ್ಟರು.